ಗೇಮಿಂಗ್ ಪಿಸಿನೋ, ಪ್ಲೇಸ್ಟೇಷನ್ನೋ? ಪಿಗ್ಮಿ ರೊಕ್ಕದ ಒಂದು ಲೆಕ್ಕ

"ಕಾಕಾ, ಅಪ್ಪಗ ನೀನ ಹೇಳು. ನನ್ನ ಮಾತು ಕೇಳೂದಿಲ್ಲ ಅಂವ."

ಫೋನ್ ಮಾಡಿದವನು ನಮ್ಮಣ್ಣನ ಮಗ. ಪಿಯುಸಿ ಮುಗಿಸಿ ಈಗಷ್ಟೇ ಬಿಸಿಎ ಸೇರಿದ್ದಾನೆ. ಅಣ್ಣನದು ಹಳೇ ಹುಬ್ಬಳ್ಳಿಯಲ್ಲಿ ಸಣ್ಣ ಕಿರಾಣಿ ಅಂಗಡಿ. ದಿನಾ ಸಂಜೆ ಬರುವ ಪಿಗ್ಮಿ ಏಜೆಂಟನಿಗೆ 100 ರೂಪಾಯಿ ಕೊಡುತ್ತಾ 600 ದಿನ ಕೂಡಿಸಿದ್ದು 60,000. ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಕೇಳಿದ್ದು ಕೊಡಿಸ್ತೀನಿ ಅಂತ ಅಣ್ಣ ಮಾತು ಕೊಟ್ಟಿದ್ದ. ಹುಡುಗ ಮಾತು ಉಳಿಸಿಕೊಂಡ, ಈಗ ಅಪ್ಪನ ಸರದಿ.

ಹುಡುಗ ಕೇಳುತ್ತಿರುವುದು ಪ್ಲೇಸ್ಟೇಷನ್ 5. ಅವನ ಗೆಳೆಯರು "ಪಿಸಿ ಕಟ್ಟಿಸಲೇ" ಅನ್ನುತ್ತಿದ್ದಾರೆ. ಅಣ್ಣ ನನಗೆ ಹೇಳಿದ್ದು ಒಂದೇ ಮಾತು: "ಯಾವುದರ ಇರಲಿ, ರೊಕ್ಕ ಎರಡ ಸಲ ಕೊಡಾಕ ಆಗೂದಿಲ್ಲ ನೋಡು."

ಇದೇ ಪ್ರಶ್ನೆಯನ್ನು ಈ ಅವಳಿನಗರದ ಕನಿಷ್ಠ ಹತ್ತು ಮನೆಯವರು ನನ್ನ ಹತ್ತಿರ ಕೇಳಿದ್ದಾರೆ. ಕಂಪ್ಯೂಟರ್ ಬಿಚ್ಚಿ ಜೋಡಿಸುವ ಚಟ ನನಗೆ ಕಾಲೇಜಿನಿಂದಲೂ ಇದೆ, ಅದಕ್ಕೇ ಕೇಳ್ತಾರೆ. ಪ್ರತಿ ಸಲ ಬಾಯಿಲೆಕ್ಕ ಹೇಳಿ ಸಾಕಾಗಿ ಈ ಸಲ ಬರೆದೇ ಇಡುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೀನಿ. "ಯಾವುದು ಅಗ್ಗ?" ಅನ್ನುವ ಪ್ರಶ್ನೆಗೆ ಅಂಗಡಿಯ ಬೆಲೆಪಟ್ಟಿಯಲ್ಲಿ ಉತ್ತರ ಇಲ್ಲ. ಕೊಳ್ಳುವ ದಿನ ಕನ್ಸೋಲ್ ಅಗ್ಗ. ಐದು ವರ್ಷ ಕಳೆದ ಮೇಲೆ ಯಾವುದು ಅಗ್ಗ ಅನ್ನುವುದು ನೀವು ಯಾವ ಆಟ ಆಡ್ತೀರಿ, ಮನೆಯಲ್ಲಿ ಕಂಪ್ಯೂಟರಿಗೆ ಬೇರೆ ಕೆಲಸ ಇದೆಯಾ ಅನ್ನುವುದರ ಮೇಲೆ ನಿಂತಿದೆ.

ಕೊಳ್ಳುವ ದಿನದ ಲೆಕ್ಕ

ಪಿಎಸ್ 5 ಭಾರತಕ್ಕೆ ಬಂದದ್ದು 2021ರ ಫೆಬ್ರವರಿ 2ರಂದು. ಡಿಸ್ಕ್ ಹಾಕುವ ಮಾದರಿಗೆ 49,990, ಡಿಸ್ಕ್ ಇಲ್ಲದ ಡಿಜಿಟಲ್ ಮಾದರಿಗೆ 39,990 ರೂಪಾಯಿ ಇತ್ತು. 2022ರ ನವೆಂಬರ್‌ನಲ್ಲಿ ಎರಡಕ್ಕೂ ಐದೈದು ಸಾವಿರ ಏರಿತು. 2024ರ ಏಪ್ರಿಲ್‌ನಲ್ಲಿ ಬಂದ ಸ್ಲಿಮ್ ಮಾದರಿಯೂ ಅದೇ 54,990 ಮತ್ತು 44,990ಕ್ಕೆ ಬಂತು. ಡಿಸ್ಕ್ ಮಾದರಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ಅಣ್ಣ-ತಮ್ಮ ಕೂಡಿ ಆಡಲಿಕ್ಕೆ ಇನ್ನೊಂದು ಕಂಟ್ರೋಲರ್ ಸುಮಾರು 6,000. ನಮ್ಮೂರಿನ ಕರೆಂಟಿಗೆ ಯುಪಿಎಸ್ ಬೇಕೇ ಬೇಕು, ಅದು 3,500. ಒಟ್ಟು 64,500 ಅಂತಿಟ್ಟುಕೊಳ್ಳಿ. ಟಿವಿ ಮನೆಯಲ್ಲಿ ಇದ್ದೇ ಇದೆ ಅಂದುಕೊಂಡಿದ್ದೇನೆ.

ಇದಕ್ಕೆ ಸರಿಗಟ್ಟುವ ಪಿಸಿಗೆ 2025ರ ಮಧ್ಯದಲ್ಲಿ ನಾನು ಹಾಕಿಸಿದ್ದ ಕೊಟೇಶನ್ ಹೀಗಿತ್ತು. ಬೆಲೆಗಳನ್ನು ಹತ್ತಿರದ ನೂರಕ್ಕೆ ತಂದಿದ್ದೇನೆ.

- ರೈಜನ್ 5 5600 ಪ್ರೊಸೆಸರ್: 9,500
- ಮದರ್‌ಬೋರ್ಡ್: 8,000
- 16 ಜಿಬಿ ರ‍್ಯಾಮ್: 3,500
- 1 ಟಿಬಿ ಎಸ್‌ಎಸ್‌ಡಿ: 5,000
- ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್: 28,000
- ಪವರ್ ಸಪ್ಲೈ: 4,500
- ಕ್ಯಾಬಿನೆಟ್: 3,500
- ಮಾನಿಟರ್: 9,000
- ಕೀಬೋರ್ಡ್, ಮೌಸ್: 2,000
- ಹೆಡ್‌ಸೆಟ್: 1,500
- ಯುಪಿಎಸ್: 3,500

ಕೂಡಿಸಿದರೆ 78,000. ಇದರಲ್ಲಿ ಒಂದು ಬಿಟ್ಟುಹೋಗಿದೆ: ವಿಂಡೋಸ್ ಲೈಸೆನ್ಸ್. ನಮ್ಮ ಕಡೆ ಅದನ್ನು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ. ಪ್ರಾಮಾಣಿಕವಾಗಿ ಹಿಡಿದರೆ ಹತ್ತು ಸಾವಿರದ ಆಸುಪಾಸು. ಲಿನಕ್ಸ್ ಪುಕ್ಕಟೆ ಸಿಗುತ್ತದೆ ನಿಜ, ಆದರೆ ನಮ್ಮ ಹುಡುಗರ ಮೆಚ್ಚಿನ ವ್ಯಾಲೊರಂಟ್ ಅದರ ಮೇಲೆ ಓಡುವುದಿಲ್ಲ. ಅಲ್ಲಿಗೆ 88,000. ಕನ್ಸೋಲಿಗಿಂತ 23,500 ಹೆಚ್ಚು.

2025ರ ಕೊನೆಯ ಹೊತ್ತಿಗೆ ಇದೂ ಹಳೇ ಲೆಕ್ಕ ಆಯ್ತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಗೋಣಿಚೀಲದಲ್ಲಿ ತುಂಬಿಕೊಂಡಂತೆ ಖರೀದಿಸತೊಡಗಿದ ಮೇಲೆ ರ‍್ಯಾಮ್ ಬೆಲೆ ಕೆಲವೇ ತಿಂಗಳಲ್ಲಿ ಎರಡು-ಮೂರು ಪಟ್ಟು ಏರಿತು. ಮೈಕ್ರಾನ್ ಕಂಪನಿಯಂತೂ ಡಿಸೆಂಬರ್‌ನಲ್ಲಿ, ಮನೆಬಳಕೆಯವರಿಗೆ ಮಾರುತ್ತಿದ್ದ ತನ್ನ ಕ್ರೂಷಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. 3,500ರ ರ‍್ಯಾಮಿಗೆ ಈಗ ಇನ್ನೂ 7,000 ಸೇರಿಸಿ ಲೆಕ್ಕ ಹಾಕಬೇಕು. ಅಂದರೆ ಪಿಸಿ 95,000. ಅಂತರ ಮೂವತ್ತು ಸಾವಿರ.

ಸುಂಕ ಕಟ್ಟಿದ್ದು ಅಗ್ಗ, ಕಟ್ಟದ್ದು ತುಟ್ಟಿ?

ಇಲ್ಲಿ ಒಂದು ಸೋಜಿಗ ಇದೆ. ಸರ್ಕಾರದ ಲೆಕ್ಕದಲ್ಲಿ ತುಟ್ಟಿಯಾಗಬೇಕಾದದ್ದು ಕನ್ಸೋಲ್.

ಭಾರತ 1997ರಲ್ಲೇ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದ ಪ್ರಕಾರ ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್ ಥರದ ಕಂಪ್ಯೂಟರ್ ಭಾಗಗಳಿಗೆ ಮೂಲ ಆಮದು ಸುಂಕ ಸೊನ್ನೆ. ಕನ್ಸೋಲ್ ಮಾತ್ರ ಸುಂಕದ ಪಟ್ಟಿಯಲ್ಲಿ ಆಟದ ಸಾಮಾನಿನ ಅಧ್ಯಾಯದಲ್ಲಿ ಕೂತಿದೆ. 2018ರ ಬಜೆಟ್ ಅದರ ಸುಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು. ಆ ಸುಂಕದ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್ಚಾರ್ಜ್, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಜಿಎಸ್‌ಟಿ ಮೊದಲು ಶೇ 28 ಇತ್ತು, 2018ರ ಡಿಸೆಂಬರ್‌ನ ಕೌನ್ಸಿಲ್ ಸಭೆ ಅದನ್ನು 18ಕ್ಕೆ ಇಳಿಸಿತು. ಆ ದರದಲ್ಲಿ ಬಂದರಿಗೆ 100 ರೂಪಾಯಿಗೆ ಬಂದ ಕನ್ಸೋಲ್ ತೆರಿಗೆ ಸೇರಿ 144 ಆಗುತ್ತದೆ. ಅದೇ 100 ರೂಪಾಯಿಯ ಮದರ್‌ಬೋರ್ಡ್ 118ಕ್ಕೆ ನಿಲ್ಲುತ್ತದೆ.

ಹಂಗಿದ್ದರೂ ಕನ್ಸೋಲ್ ಹೇಗೆ ಅಗ್ಗ? ಒಳಗಿನ ಸಾಮಾನು ಎರಡರಲ್ಲೂ ಒಂದೇ ಮನೆತನದ್ದು. ಪಿಎಸ್ 5ರ ಪ್ರೊಸೆಸರೂ ಗ್ರಾಫಿಕ್ಸೂ ಎಎಮ್‌ಡಿ ಕಂಪನಿಯ ವಿನ್ಯಾಸ, ಒಂದೇ ಚಿಪ್ಪಿನಲ್ಲಿ ಕೂಡಿಸಿದ್ದಾರೆ. 16 ಜಿಬಿ ಮೆಮೊರಿಯನ್ನು ಅವೆರಡೂ ಹಂಚಿಕೊಳ್ಳುತ್ತವೆ. ಪಿಸಿಯಲ್ಲಿ ಪ್ರೊಸೆಸರಿಗೆ ಬೇರೆ ಮೆಮೊರಿ, ಗ್ರಾಫಿಕ್ಸ್ ಕಾರ್ಡಿಗೆ ಬೇರೆ ಮೆಮೊರಿ. ಲಕ್ಷಗಟ್ಟಲೆ ಒಂದೇ ಥರದ ಪೆಟ್ಟಿಗೆ ತಯಾರಿಸುವವರಿಗೆ ಖರ್ಚೂ ಇಳಿಯುತ್ತದೆ.

ದೊಡ್ಡ ಕಾರಣ ಇನ್ನೊಂದು. ಕನ್ಸೋಲ್ ಕಂಪನಿ ಪೆಟ್ಟಿಗೆಯಲ್ಲಿ ಲಾಭ ನೋಡುವುದಿಲ್ಲ. 2021ರ ಮೇನಲ್ಲಿ ಅಮೆರಿಕದ ಕೋರ್ಟೊಂದರಲ್ಲಿ ಎಪಿಕ್-ಆಪಲ್ ಮೊಕದ್ದಮೆ ನಡೆದಾಗ, ಎಕ್ಸ್‌ಬಾಕ್ಸ್ ಪೆಟ್ಟಿಗೆಯನ್ನು ತಾವು ಯಾವತ್ತೂ ಲಾಭಕ್ಕೆ ಮಾರಿಲ್ಲ ಎಂದು ಮೈಕ್ರೋಸಾಫ್ಟ್ ಅಧಿಕಾರಿಯೇ ಸಾಕ್ಷಿ ಹೇಳಿದರು. ಸೋನಿ ಕೂಡ 2021ರ ಆಗಸ್ಟಿನ ತನಕ 499 ಡಾಲರಿನ ಪಿಎಸ್ 5 ಅನ್ನು ನಷ್ಟದಲ್ಲೇ ಮಾರುತ್ತಿತ್ತು. ಆ ರೊಕ್ಕ ವಾಪಸ್ ಬರುವುದು ನೀವು ಕೊಳ್ಳುವ ಪ್ರತಿ ಆಟದ ಕಮಿಷನ್ನಿನಿಂದ, ಆನ್‌ಲೈನ್ ಆಡಲಿಕ್ಕೆ ಕಟ್ಟುವ ಚಂದಾದಿಂದ. ಪ್ರಿಂಟರ್ ಅಗ್ಗ, ಶಾಯಿ ತುಟ್ಟಿ ಅನ್ನುತ್ತಾರಲ್ಲ, ಅದೇ ಕತೆ.

ಐದು ವರ್ಷದ ಲೆಕ್ಕ

ಹೀಗಾಗಿ ಶಾಯಿಯ ಲೆಕ್ಕವನ್ನೂ ಹಾಕಬೇಕು. ವರ್ಷಕ್ಕೆ ನಾಲ್ಕು ಆಟ ಕೊಳ್ಳುವ ಹುಡುಗ ಅಂತ ಹಿಡಿಯೋಣ.

ಕನ್ಸೋಲ್: ಸೋನಿಯ ಹೊಸ ಪಿಎಸ್ 5 ಆಟ ಇಲ್ಲಿಗೆ ಬಂದದ್ದೇ 4,999 ರೂಪಾಯಿ ದರದಲ್ಲಿ. ಬಿಡುಗಡೆಯ ದಿನವೇ ಕೊಂಡರೆ ವರ್ಷಕ್ಕೆ 20,000. ಸೇಲ್ ಬರುವ ತನಕ ಕಾದು, ಹಳೇ ಡಿಸ್ಕ್ ಕೊಂಡು ಮಾರಿ ಮಾಡಿದರೆ ಅರ್ಧಕ್ಕೆ ಇಳಿಸಬಹುದು: ವರ್ಷಕ್ಕೆ 10,000, ಐದು ವರ್ಷಕ್ಕೆ 50,000. ಕೊಂಡ ಆಟವನ್ನು ಬೇರೆಯವರ ಜೊತೆ ಆನ್‌ಲೈನ್ ಆಡಲು ಪ್ಲೇಸ್ಟೇಷನ್ ಪ್ಲಸ್ ಬೇಕು. 2023ರ ಸೆಪ್ಟೆಂಬರ್‌ನ ಏರಿಕೆಯ ನಂತರ ಅದರ ಕೆಳಗಿನ ಹಂತಕ್ಕೇ ವರ್ಷಕ್ಕೆ ಸುಮಾರು 4,000. ಐದು ವರ್ಷಕ್ಕೆ 20,000. ಪೆಟ್ಟಿಗೆಯ 64,500 ಸೇರಿ ಒಟ್ಟು 1,34,500.

ಪಿಸಿ: ಆನ್‌ಲೈನ್ ಆಡಲು ಚಂದಾ ಇಲ್ಲ. ಸ್ಟೀಮ್ ಅಂಗಡಿ 2015ರಿಂದ ರೂಪಾಯಿಯಲ್ಲೇ ಬೆಲೆ ಹಾಕುತ್ತಿದೆ, ಸೇಲುಗಳು ದೊಡ್ಡವು. ಎಪಿಕ್ ಅಂಗಡಿ 2018ರ ಕೊನೆಯಿಂದ ಪುಕ್ಕಟೆ ಆಟಗಳನ್ನು ಹಂಚುತ್ತಾ ಬಂದಿದೆ. 2020ರ ಮೇನಲ್ಲಿ ಜಿಟಿಎ 5 ಅನ್ನೇ ಪುಕ್ಕಟೆ ಕೊಟ್ಟಿತ್ತು. ತಾಳ್ಮೆ ಇದ್ದವರಿಗೆ ಒಂದು ಆಟಕ್ಕೆ ಸರಾಸರಿ 1,500 ಸಾಕು: ಐದು ವರ್ಷಕ್ಕೆ 30,000. ನಡುವೆ ಯುಪಿಎಸ್ ಬ್ಯಾಟರಿ, ಇನ್ನೊಂದು ಎಸ್‌ಎಸ್‌ಡಿ, ಸಣ್ಣಪುಟ್ಟ ರಿಪೇರಿ ಅಂತ 10,000. ಪಿಸಿಯ 95,000 ಸೇರಿ ಒಟ್ಟು 1,35,000.

ವ್ಯತ್ಯಾಸ 500 ರೂಪಾಯಿ! ಅಂದರೆ ಮೊದಲ ದಿನ ಮೂವತ್ತು ಸಾವಿರ ಉಳಿಸಿದ ಕನ್ಸೋಲ್ ಐದು ವರ್ಷದಲ್ಲಿ ಅದನ್ನು ಕಂತು ಕಂತಾಗಿ ವಾಪಸ್ ತೆಗೆದುಕೊಂಡಿರುತ್ತದೆ.

ಆದರೆ ಈ ಸರಿಸಮ ನಿಂತಿರುವುದು "ವರ್ಷಕ್ಕೆ ನಾಲ್ಕು ಆಟ" ಅನ್ನುವ ಊಹೆಯ ಮೇಲೆ. ಅದನ್ನು ಅಲುಗಾಡಿಸಿದರೆ ತಕ್ಕಡಿ ವಾಲುತ್ತದೆ. ವರ್ಷಕ್ಕೊಂದು ಫುಟ್‌ಬಾಲ್ ಆಟ ಕೊಂಡು ಗೆಳೆಯರ ಜೊತೆ ಸೋಫಾದ ಮೇಲೆ ಕೂತು ಆಡುವವನಿಗೆ ಆನ್‌ಲೈನ್ ಚಂದಾನೂ ಬೇಡ. ಅವನಿಗೆ ಕನ್ಸೋಲೇ ಅಗ್ಗ, ಪಿಸಿ ಅವನಿಗೆ ದಂಡ. ಬರೀ ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2 ಆಡುವವನಿಗೆ ಆಟಗಳೇ ಪುಕ್ಕಟೆ, 28,000ದ ಗ್ರಾಫಿಕ್ಸ್ ಕಾರ್ಡೂ ಬೇಡ. ಅವನಿಗೆ ಸಾದಾ ಪಿಸಿ ಅಗ್ಗ. ಕೌಂಟರ್ ಸ್ಟ್ರೈಕ್ 2 ಅಂತೂ ಕನ್ಸೋಲಿಗೆ ಬಂದೇ ಇಲ್ಲ.

ಇನ್ನು ಜಿಟಿಎ 6ಗೆ ಕಾಯುವವರು. 2025ರ ನವೆಂಬರ್‌ನಲ್ಲಿ ಕಂಪನಿ ಕೊಟ್ಟ ದಿನಾಂಕ 2026ರ ನವೆಂಬರ್ 19, ಅದೂ ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್‌ಗೆ ಮಾತ್ರ. ಹಿಂದೆ ಜಿಟಿಎ 5 ಕನ್ಸೋಲಿಗೆ ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಪಿಸಿಗೆ 2015ರ ಏಪ್ರಿಲ್‌ನಲ್ಲಿ. ಹತ್ತೊಂಬತ್ತು ತಿಂಗಳು ಕಾದಿದ್ದೆವು.

ಕರೆಂಟ್ ಬಿಲ್ಲು: ಹೆಸ್ಕಾಂ ಮೀಟರ್ ಏನು ಹೇಳುತ್ತೆ

ಪಿಸಿ ಕರೆಂಟ್ ಕುಡಿಯುತ್ತದೆ, ಕನ್ಸೋಲ್ ಕುಡಿಯೋದಿಲ್ಲ ಅನ್ನುವ ಮಾತು ಅರ್ಧ ಸತ್ಯ. ಭಾರೀ ಆಟ ಆಡುವಾಗ ಪಿಎಸ್ 5 ಸುಮಾರು 200 ವ್ಯಾಟ್ ಎಳೆಯುತ್ತದೆ, 43 ಇಂಚಿನ ಟಿವಿ ಮೇಲೆ 80. ಮೇಲೆ ಹೇಳಿದ ಪಿಸಿ 250ರ ಹತ್ತಿರ, ಮಾನಿಟರ್ 25. ಎರಡೂ ಕಡೆ ಸುಮಾರು 280 ವ್ಯಾಟ್. ದಿನಕ್ಕೆ 3 ತಾಸು ಆಡಿದರೆ ತಿಂಗಳಿಗೆ 25 ಯೂನಿಟ್.

25 ಯೂನಿಟ್ ಅಂದರೆ 2025-26ರ 5.80 ರೂಪಾಯಿ ದರದಲ್ಲಿ 145 ರೂಪಾಯಿ. ಅದರಿಂದ ಮನೆ ಮುಳುಗೋದಿಲ್ಲ. ನೋಡಬೇಕಾದದ್ದು ಗೃಹಜ್ಯೋತಿ. 2022-23ರ ನಿಮ್ಮ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ಪುಕ್ಕಟೆ, ಅದನ್ನು ದಾಟಿದರೆ ದಾಟಿದ ಯೂನಿಟ್ಟಿಗೆ ರೊಕ್ಕ, 200 ದಾಟಿದರೆ ಪೂರಾ ಬಿಲ್ಲು. ಈಗಾಗಲೇ 180 ಯೂನಿಟ್ ಸುಡುವ ಮನೆಗೆ ಈ 25 ಸೇರಿದರೆ 205. ಐದು ಯೂನಿಟ್ಟಿನ ಸಲುವಾಗಿ 205 ಯೂನಿಟ್ಟಿಗೂ ಕಟ್ಟಬೇಕು: 1,189 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಬೇರೆ. ಬೇಸಿಗೆಯಲ್ಲಿ ಫ್ಯಾನು, ಕೂಲರ್ ಓಡುವಾಗ ಇದು ಸುಲಭವಾಗಿ ಆಗುತ್ತದೆ. ಅದಕ್ಕೇ ಪಿಸಿ ಇರಲಿ, ಕನ್ಸೋಲ್ ಇರಲಿ, ತರುವ ಮೊದಲು ಹಿಂದಿನ ಆರು ತಿಂಗಳ ಹೆಸ್ಕಾಂ ಬಿಲ್ಲುಗಳನ್ನು ಒಮ್ಮೆ ತೆಗೆದು ನೋಡಿ.

ಅಂಗಡಿಯವರು ಹೇಳದ ಖರ್ಚುಗಳು

ಮೊದಲನೆಯದು ಟಿವಿ. ಕನ್ಸೋಲ್ ಟಿವಿಯನ್ನು ಪುಕ್ಕಟೆ ಬಳಸುತ್ತದೆ ಅಂತ ನಾನೂ ಲೆಕ್ಕ ಹಾಕಿದೆ. ಆದರೆ ಸಂಜೆ 7ರಿಂದ 10ರ ತನಕ ಅದು ನಮ್ಮ ವೈನಿಯ ಧಾರಾವಾಹಿ ಟಿವಿ. ಎರಡೇ ವಾರದಲ್ಲಿ ಜಗಳ ಶುರುವಾಗಿ, ಹುಡುಗನಿಗೆ ಬೇರೆ ಮಾನಿಟರ್ ತಂದ ಮನೆಗಳನ್ನು ಕಂಡಿದ್ದೇನೆ. ಕನ್ಸೋಲ್ ಲೆಕ್ಕಕ್ಕೆ ಆಗ 9,000 ಸೇರುತ್ತದೆ.

ಎರಡನೆಯದು ಡಿಜಿಟಲ್ ಮಾದರಿಯ ಆಸೆ. 10,000 ಉಳಿಯಿತು ಅಂತ ಅದನ್ನು ತಂದವರು ಹಳೇ ಡಿಸ್ಕ್ ಕೊಳ್ಳಲಾರರು, ಆಡಿ ಮುಗಿದದ್ದನ್ನು ಮಾರಲಾರರು. ಒಂದು ಡಿಸ್ಕ್ ಮಾರಿ 2,000 ಬಂದರೂ ಐದೇ ಡಿಸ್ಕಿನಲ್ಲಿ ಆ ಹತ್ತು ಸಾವಿರ ಹುಟ್ಟುತ್ತದೆ.

ಮೂರನೆಯದು ಧೂಳು. ಹುಬ್ಬಳ್ಳಿ ಧೂಳಿನ ಬಗ್ಗೆ ಹುಬ್ಬಳ್ಳಿಯವರಿಗೆ ಹೇಳುವುದೇನಿದೆ? ಎರಡಕ್ಕೂ ಮೂರು ತಿಂಗಳಿಗೊಮ್ಮೆ ಗಾಳಿ ಹೊಡೆಯಬೇಕು. ಪಿಸಿಯ ಬಾಗಿಲು ತೆಗೆದು ಮನೆಯಲ್ಲೇ ಮಾಡಬಹುದು, ಕನ್ಸೋಲನ್ನು ವಾರಂಟಿ ಇರುವ ತನಕ ಪೂರ್ತಿ ಬಿಚ್ಚಲಿಕ್ಕೆ ಹೋಗಬೇಡಿ. ಆ ವಾರಂಟಿ ಕನ್ಸೋಲಿಗೆ ಒಂದು ವರ್ಷ. ಪಿಸಿಯಲ್ಲಿ ಭಾಗಕ್ಕೊಂದು ವಾರಂಟಿ, ಬಹುತೇಕ ಮೂರು ವರ್ಷ. ಒಂದು ಭಾಗ ಹೋದರೆ ಅದೊಂದನ್ನೇ ಬದಲಿಸಬಹುದು. ಕನ್ಸೋಲ್ ಹೋದರೆ ಇಡೀ ಪೆಟ್ಟಿಗೆ ಸರ್ವೀಸ್ ಸೆಂಟರಿಗೆ. ಕೊಳ್ಳುವ ಮೊದಲು ಅದು ಎಲ್ಲಿದೆ, ಕಳಿಸುವ ಖರ್ಚು ಯಾರದ್ದು ಅಂತ ಕೇಳಿಕೊಳ್ಳಿ. ವಿದೇಶದಿಂದ ಹಿಂಬಾಗಿಲಲ್ಲಿ ಬಂದ ಪಿಎಸ್ 5 ಪ್ರೋ ಕೊಡ್ತೀವಿ ಅನ್ನುವವರಿಂದ ದೂರ ಇರಿ. 2024ರಲ್ಲಿ ಅದು ಬಿಡುಗಡೆಯಾದಾಗ, ಇಲ್ಲಿ ಅನುಮತಿ ಇಲ್ಲದ 6 ಗಿಗಾಹರ್ಟ್ಸ್ ವೈಫೈ ತರಂಗಾಂತರದ ಕಾರಣಕ್ಕೆ ಸೋನಿ ಅದನ್ನು ಭಾರತಕ್ಕೆ ತರಲಿಲ್ಲ.

ನಾಲ್ಕನೆಯದು ಇಎಂಐ. ನೋ ಕಾಸ್ಟ್ ಅನ್ನುತ್ತಾರೆ, ಆದರೆ ಪ್ರೊಸೆಸಿಂಗ್ ಫೀ ಇರುತ್ತದೆ, ಬಡ್ಡಿಯ ಮೇಲಿನ ಜಿಎಸ್‌ಟಿ ಬ್ಯಾಂಕು ಬಿಡುವುದಿಲ್ಲ.

ಐದನೆಯದು ಅವಸರ. ಇದು ನನ್ನದೇ ತಪ್ಪು. 2021ರಲ್ಲಿ ಗ್ರಾಫಿಕ್ಸ್ ಕಾರ್ಡುಗಳ ಬರ ಇತ್ತು. ಕ್ರಿಪ್ಟೊ ಗಣಿಗಾರಿಕೆಯವರು ಸಿಕ್ಕಿದ್ದೆಲ್ಲ ಬಾಚುತ್ತಿದ್ದರು. ಇನ್ನೂ ಏರುತ್ತೆ ಸರ್ ಅಂದ ಅಂಗಡಿಯವನ ಮಾತು ನಂಬಿ ಹೆಚ್ಚುಕಡಿಮೆ ದುಪ್ಪಟ್ಟು ಕೊಟ್ಟು ತಂದೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಗ್ರಾಫಿಕ್ಸ್ ಕಾರ್ಡಿನ ಗಣಿಗಾರಿಕೆಯನ್ನೇ ಕೈಬಿಟ್ಟಿತು, ನನ್ನ ಕಾರ್ಡಿನ ಬೆಲೆ ಕಣ್ಣೆದುರೇ ಅರ್ಧ ಆಯಿತು. ಈಗಿನ ರ‍್ಯಾಮ್ ಏರಿಕೆಯೂ ಯಾವತ್ತೋ ಇಳಿಯಬಹುದು. ತುರ್ತು ಇಲ್ಲದವರು ಕಾಯಿರಿ.

ಎರಡೂ ಬೇಡ ಅನ್ನುವವರಿಗೆ

ನಮ್ಮ ಕಾಲದಲ್ಲಿ ವಿದ್ಯಾನಗರದ ಸೈಬರ್ ಕೆಫೆಯಲ್ಲಿ ತಾಸಿನ ಲೆಕ್ಕದಲ್ಲಿ ಕೌಂಟರ್ ಸ್ಟ್ರೈಕ್ 1.6 ಆಡುತ್ತಿದ್ದೆವು. ಮನೆಯಲ್ಲಿ ಏನೂ ಇರಲಿಲ್ಲ. ಆ ದಾರಿ ಈಗಲೂ ಕೆಟ್ಟದ್ದಲ್ಲ. ಗೇಮಿಂಗ್ ಪಾರ್ಲರಿನಲ್ಲಿ ತಾಸಿಗೆ 80 ರೂಪಾಯಿ ಹಿಡಿದರೂ ವಾರಕ್ಕೆ 4 ತಾಸು ಆಡಿದರೆ ವರ್ಷಕ್ಕೆ 16,640. ವಾರಕ್ಕೆ ಒಂದೇ ತಾಸಾದರೆ 4,160. ಪರೀಕ್ಷೆಯ ವರ್ಷ, ಅಥವಾ ಚಟ ಎಷ್ಟು ದಿನ ಇರುತ್ತೋ ಗೊತ್ತಿಲ್ಲ ಅಂದರೆ ಇದೇ ಅಗ್ಗ. ಸಪ್ತಾಪುರದಲ್ಲಿ ರೂಮು ಮಾಡಿ ಓದುವವರಿಗೆ ಕನ್ಸೋಲ್ ಇಟ್ಟರೆ ಟಿವಿ ಇಲ್ಲ, ಪಿಸಿ ಇಟ್ಟರೆ ರೂಮು ಬದಲಿಸುವಾಗ ಹೊರಲಾಗದು. ಅವರಿಗೆ ಓದಿಗೊಂದು ಲ್ಯಾಪ್‌ಟಾಪ್, ಆಟಕ್ಕೆ ಪಾರ್ಲರ್ ಸಾಕು.

ಅಣ್ಣನ ಮನೆಯಲ್ಲಿ ಏನಾಯ್ತು

ಒಂದು ಭಾನುವಾರ ಮೂವರೂ ಕೂತೆವು. ನಾನು ಹುಡುಗನಿಗೆ ಎರಡೇ ಪ್ರಶ್ನೆ ಕೇಳಿದೆ. "ಗೆಳೆಯರ ಕೂಡ ಏನ ಆಡ್ತಿ?" ವ್ಯಾಲೊರಂಟ್. "ಬಿಸಿಎ ಪ್ರೋಗ್ರಾಮ್ ಎಲ್ಲಿ ಬರೀತಿ?" ಅದಕ್ಕೆ ಉತ್ತರ ಬರಲಿಲ್ಲ. ಪಿಎಸ್ 5 ತಂದರೆ ಆರು ತಿಂಗಳಲ್ಲಿ ಕಂಪ್ಯೂಟರಿಗೆ ಇನ್ನೊಂದು 40,000 ಬೇಕಾಗುತ್ತಿತ್ತು. ಎರಡ ಸಲ ಕೊಡಾಕ ಆಗೂದಿಲ್ಲ ಅಂತ ಅಣ್ಣ ಹೇಳಿದ್ದು ಇದನ್ನೇ.

ಕೊನೆಗೆ ಬರೆಸಿದ ಕೊಟೇಶನ್ನಿನಲ್ಲಿ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಗ್ರಾಫಿಕ್ಸ್ ಒಳಗೇ ಇರುವ ರೈಜನ್ 5 5600ಜಿ ಪ್ರೊಸೆಸರ್, ತುಟ್ಟಿಯಾದ ರ‍್ಯಾಮ್, ಮುಂದೆ ಕಾರ್ಡ್ ಹಾಕಿದರೂ ತಡೆಯುವ ಪವರ್ ಸಪ್ಲೈ, ಮಾನಿಟರ್, ಯುಪಿಎಸ್ ಎಲ್ಲ ಸೇರಿ 57,000. ವಿಂಡೋಸ್ ಲೈಸೆನ್ಸನ್ನು ಹುಡುಗ ತನ್ನ ಸ್ಕಾಲರ್‌ಶಿಪ್ ಬಂದಾಗ ಕೊಳ್ಳುತ್ತಾನೆ, ಅಲ್ಲಿಯ ತನಕ ಲಿನಕ್ಸಿನಲ್ಲೇ ಪ್ರೋಗ್ರಾಮ್ ಕಲಿಯಲಿ ಅಂದೆ. ವ್ಯಾಲೊರಂಟಿಗೆ ಅಷ್ಟು ದಿನ ಕಾಯಬೇಕು. ಮುಖ ಸಣ್ಣದು ಮಾಡಿಕೊಂಡ, ಆದರೆ ಒಪ್ಪಿದ. ಜಿಟಿಎ 6 ಬಂದಾಗ ಗೆಳೆಯನ ಮನೆಗೆ ಹೋಗ್ತಾನಂತೆ.

ನಿಮ್ಮ ಮನೆಯ ಉತ್ತರ ಇದೇ ಆಗಬೇಕಿಲ್ಲ. ಮನೆಯಲ್ಲಿ ಆಗಲೇ ಕಂಪ್ಯೂಟರ್ ಇದ್ದು, ಹುಡುಗ ಫುಟ್‌ಬಾಲ್ ಆಟದ ಹುಚ್ಚನಾಗಿದ್ದರೆ ನಾನೇ ಪಿಎಸ್ 5 ಅನ್ನುತ್ತಿದ್ದೆ. ಪ್ರಶ್ನೆ ಮಾತ್ರ ಇದೇ ಇರಲಿ: ಈ ರೊಕ್ಕದ ಹಿಂದೆಯೇ ಇನ್ನೆಷ್ಟು ರೊಕ್ಕ ಹೋಗಬೇಕಾಗುತ್ತದೆ?

ಉಳಿದ 3,000 ಅಣ್ಣನ ಕೈಯಲ್ಲಿತ್ತು. ಅದನ್ನೇನು ಮಾಡ್ತಿ ಅಂದೆ. "ಕರೆಂಟ್ ಬಿಲ್ಲಿಗೆ ಇಟ್ಟೇನಿ," ಅಂದ. ಸಂಜೆ ಪಿಗ್ಮಿ ಏಜೆಂಟ್ ಬಂದಾಗ ಹೊಸ ಖಾತೆ ಶುರು ಮಾಡಿ 100 ರೂಪಾಯಿ ಕೊಟ್ಟು ಕಳಿಸಿದ.